ತೆರಿಗೆ ಇಳಿದು ಬಂದ ನಷ್ಟ

ಜನವರಿ 6, ಸೋಮವಾರ

ಲಾಭ! ಮೂರು ಸಲ ಕೂಡಿ ನೋಡಿದೆ. ತೆರಿಗೆಗೆ ಮುಂಚೆ ಒಂದು ಕೋಟಿ, ತೆರಿಗೆ ಕಳೆದು ಎಪ್ಪತ್ತು ಲಕ್ಷ. ನಾಲ್ಕು ವರ್ಷ ನಷ್ಟ ಬರೆದು ಬರೆದು ಕೈಗೆ ಅದೇ ರೂಢಿಯಾಗಿತ್ತು. ಇವತ್ತು ಕೊನೇ ಸಾಲಿನಲ್ಲಿ ಮೈನಸ್ ಗುರುತು ಕಾಣದೆ ಎಲ್ಲೋ ಎಡವಿದ್ದೇನೆ ಅಂತಲೇ ಅಂದುಕೊಂಡೆ. ಎಡವಿಲ್ಲ. ತಗಡಿನ ಡಬ್ಬಿ ಮಾಡುವ ಕಾರ್ಖಾನೆಯೂ ಲಾಭ ಮಾಡಬಹುದು ಅಂತಾಯಿತು. ಅಕೌಂಟ್ಸ್ ವಿಭಾಗಕ್ಕೆ ನಾನೇ ಮ್ಯಾನೇಜರು, ನಾನೇ ಗುಮಾಸ್ತೆ, ಪ್ರಿಂಟರ್ ಕೆಟ್ಟರೆ ನಾನೇ ಮೆಕ್ಯಾನಿಕ್ಕು. ಹಾಗಾಗಿ ಸಂಭ್ರಮವನ್ನೂ ಒಬ್ಬಳೇ ಪಟ್ಟೆ. ಒಂದು ಟೀ ಹೆಚ್ಚಿಗೆ ಕುಡಿದೆ.

ಈ ಲಾಭ ಮಾಲೀಕರಿಗಿಂತ ನನಗೆ ಹೆಚ್ಚು ಬೇಕಿತ್ತು. ಯಾಕೆ ಅಂತ ಯಾರ ಮುಂದೂ ಬಾಯಿ ಬಿಡುವಂತಿಲ್ಲ, ಇಲ್ಲಿ ಬರೆಯಬಹುದು. ಅಕ್ಕನ ಗಂಡ ಮಹಾಶಯರು ನನ್ನ ಮನೆ ಖಾಲಿ ಮಾಡಬೇಕು. ಮೂರು ವರ್ಷದ ಹಿಂದೆ "ಎರಡು ತಿಂಗಳು ಕಣೇ" ಅಂತ ಅಕ್ಕ ಅವರನ್ನೂ ನಾಲ್ಕು ಪೆಟ್ಟಿಗೆಯನ್ನೂ ಕರೆದುಕೊಂಡು ಬಂದಳು. ನನ್ನ ಮೇಜಿದ್ದ ಕೋಣೆ ಅವರದಾಯಿತು, ನನ್ನ ಮೇಜು ಅಡುಗೆಮನೆಗೆ ಬಂತು. ಈಗ ಇದನ್ನು ಬರೆಯುತ್ತಿರುವುದೂ ಉಪ್ಪಿನ ಡಬ್ಬಿಯ ಪಕ್ಕದಲ್ಲೇ.

ಮಹಾಶಯರು ನಮ್ಮ ಕಾರ್ಖಾನೆಯಲ್ಲೇ ಡಬ್ಬಿಗೆ ಬಣ್ಣದ ಚಿತ್ರ ಅಚ್ಚು ಹಾಕುವ ಮೆಷಿನ್ ನಡೆಸುತ್ತಾರೆ. ಕೆಲಸಗಾರರಿಗೆ ಮುಖಂಡರು ಬೇರೆ. ಮೂರು ವರ್ಷದ ಹಿಂದೆ ಮಾಲೀಕರ ಜೊತೆ ಒಪ್ಪಂದ ಮಾಡಿಸಿದ್ದು ಅವರೇ: ಸಂಬಳ ಏರಿಸಿ ಅಂತ ಕೇಳುವುದಿಲ್ಲ, ಆದರೆ ಲಾಭ ಬಂದ ವರ್ಷ ಅದರ ಆರನೇ ಒಂದು ಪಾಲು ನಲವತ್ತು ಜನಕ್ಕೆ ಹಂಚಬೇಕು. ಆ ಪಾಲು ಬಂದರೆ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬಹುದು ಅಂತ ಅಕ್ಕನ ಲೆಕ್ಕ. ನನ್ನ ಲೆಕ್ಕವೂ ಅದೇ. ಬೆಳಿಗ್ಗೆ ಬಚ್ಚಲಲ್ಲಿ ಒಂದು ಗಂಟೆ ಗುನುಗುತ್ತಾ ನಿಲ್ಲುವವರಿಗೆ ಸ್ವಂತದ್ದೊಂದು ಬಚ್ಚಲು ಇರಲಿ, ಪಾಪ.

ಜನವರಿ 9, ಗುರುವಾರ

ಮಾಲೀಕರು ಬೆಳಿಗ್ಗೆ ಕೇಕಿನ ಪೆಟ್ಟಿಗೆ ಹಿಡಿದುಕೊಂಡೇ ಒಳಗೆ ಬಂದರು. "ಎಲ್ಲಾ ಬನ್ರಪ್ಪಾ! ಕಂಪನಿ ತೆರಿಗೆ ಇಳಿಸಿಬಿಟ್ರು! ಮೂವತ್ತಿದ್ದದ್ದು ಇಪ್ಪತ್ತೆರಡು!" ಅರವತ್ತು ದಾಟಿದ ಮನುಷ್ಯ, ಮಂಡಿನೋವು ಅಂತ ಮೆಟ್ಟಿಲು ಹತ್ತುವುದಿಲ್ಲ, ಇವತ್ತು ಮೂರು ಮೆಟ್ಟಿಲು ಒಟ್ಟಿಗೆ ಹತ್ತಿದರು. ಕೇಕನ್ನು ತಾವೇ ಕತ್ತರಿಸಿ ಕೊಟ್ಟರು.

ಅರ್ಧ ತಿಂದಿದ್ದೆ. ಆಗ ಹೊಳೆಯಿತು. ಉಳಿದ ಕೇಕನ್ನು ಮೇಜಿನ ಮೇಲಿಟ್ಟೆ.

ಹಳೇ ನಷ್ಟ ಇನ್ನೂ ಹತ್ತು ಕೋಟಿ ಬಾಕಿ ಇದೆ. ಮುಂದೆ ಬರುವ ಲಾಭದಲ್ಲಿ ಅದನ್ನು ಕಳೆದುಕೊಂಡು ಅಷ್ಟರ ಮೇಲಿನ ತೆರಿಗೆ ಉಳಿಸಬಹುದು. ಮುಂದೆ ಉಳಿಯುವ ಆ ತೆರಿಗೆಯನ್ನು ಈಗಲೇ ಕಂಪನಿಯ ಆಸ್ತಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಿಕೊಂಡು ಬಂದಿದ್ದೇವೆ. ಡಿಫರ್ಡ್ ಟ್ಯಾಕ್ಸ್ ಅನ್ನುವುದು ಅದಕ್ಕೇ. ಮೂವತ್ತರ ದರದಲ್ಲಿ ಅದು ಮೂರು ಕೋಟಿ. ಇಪ್ಪತ್ತೆರಡರ ದರದಲ್ಲಿ ಎರಡು ಕೋಟಿ ಇಪ್ಪತ್ತು ಲಕ್ಷ. ಮಧ್ಯೆ ಕರಗಿಹೋದ ಎಂಬತ್ತು ಲಕ್ಷವನ್ನು ಈ ವರ್ಷದ ಲಾಭದಲ್ಲೇ ಕಳೆಯಬೇಕು. ಎಪ್ಪತ್ತರಲ್ಲಿ ಎಂಬತ್ತು ಹೋದರೆ ಮೈನಸ್ ಹತ್ತು. ತೆರಿಗೆ ಇಳಿದದ್ದಕ್ಕೆ ನಮಗೆ ನಷ್ಟ.

ಒಂದೇ ಒಂದು ದಾರಿ ಇದೆ. ನಮ್ಮ ಲೆಕ್ಕದ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ. ಅದರೊಳಗೆ ಕಾನೂನಿಗೆ ಸಹಿ ಬಿದ್ದಿದ್ದರೆ ಮಾತ್ರ ಹೊಸ ದರ. ಜನವರಿಯಲ್ಲಿ ಬಿದ್ದಿದ್ದರೆ ಹಳೇ ದರವೇ ಸರಿ, ನಷ್ಟ ಮುಂದಿನ ವರ್ಷದ ತಲೆಗೆ. ಪೇಪರಿನವರು ತಾರೀಖು ಹಾಕಿಲ್ಲ. ಹಾಕಬೇಕಾದ್ದನ್ನು ಬಿಟ್ಟು ಮಂತ್ರಿಯ ನಗುವ ಫೋಟೋ ಹಾಕಿದ್ದಾರೆ.

ಜನವರಿ 10, ಶುಕ್ರವಾರ

ಗೆಜೆಟ್ ಸಿಕ್ಕಿತು. ಸಹಿ ಬಿದ್ದಿರುವುದು ಡಿಸೆಂಬರ್ 30.

ಎರಡು ದಿನ ತಡವಾಗಿದ್ದರೆ ಇವರ ಗಂಟೇನು ಹೋಗುತ್ತಿತ್ತು? ವರ್ಷವೆಲ್ಲಾ ಗೊರಕೆ ಹೊಡೆದವರಿಗೆ ಕೊನೆಯಲ್ಲೇ ಎಚ್ಚರವಾಗಬೇಕಿತ್ತೇ? ಹಾಳಾಗಿ ಹೋಗಲಿ.

ಜನವರಿ 14, ಮಂಗಳವಾರ

ಮಾಲೀಕರಿಗೆ ವಿವರಿಸುವುದರಲ್ಲಿ ಇಡೀ ಬೆಳಿಗ್ಗೆ ಹೋಯಿತು.

"ತೆರಿಗೆ ಇಳಿದ್ರೆ ನಷ್ಟ ಹೇಗಮ್ಮಾ ಆಗುತ್ತೆ? ದುಡ್ಡು ಹೋಯ್ತಾ?"

"ಇಲ್ಲ ಸರ್, ಬಿಡಿಗಾಸೂ ಹೋಗಿಲ್ಲ."

"ಮತ್ತೆ?"

"ಮುಂದೆ ಉಳೀಬೇಕಾಗಿದ್ದ ತೆರಿಗೆ ಕಮ್ಮಿ ಉಳಿಯುತ್ತೆ."

"ಯಾಕೆ ಕಮ್ಮಿ?"

"ತೆರಿಗೇನೇ ಕಮ್ಮಿ ಆಯ್ತಲ್ಲ ಸರ್."

"ಅದು ಒಳ್ಳೇದಲ್ವಾ?"

"ಒಳ್ಳೇದೇ ಸರ್."

"ಒಳ್ಳೇದಾದ್ರೆ ನಷ್ಟ ಯಾಕಮ್ಮಾ?"

ಹೀಗೆ ನಾಲ್ಕು ಸುತ್ತು. ಕೋಣನ ಮುಂದೆ ಕಿನ್ನರಿ ಅನ್ನುತ್ತಾರೆ. ಕೋಣ ಎದುರು ಪ್ರಶ್ನೆಯಾದರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲೇ ಏನೋ ಐಬಿದೆ ಅಂದರು. ನನಗೆ ಮೈಯೆಲ್ಲಾ ಉರಿಯಿತು. ಇಪ್ಪತ್ತೆರಡು ವರ್ಷದಿಂದ ಇವರ ಲೆಕ್ಕ ಬರೆಯುತ್ತಿದ್ದೇನೆ, ಒಂದು ಸೊನ್ನೆ ಆಚೀಚೆ ಆಗಿಲ್ಲ. ಆಮೇಲೆ ಬ್ಯಾಂಕಿನವರು ಗಲಾಟೆ ಮಾಡುತ್ತಾರಾ ಅಂತ ಕೇಳಿದರು. ದುಡ್ಡು ಹೊರಗೆ ಹೋಗಿಲ್ಲವಾದ್ದರಿಂದ ಮಾಡುವುದಿಲ್ಲ ಅಂದೆ. ಮುಖ ಸ್ವಲ್ಪ ತಿಳಿಯಾಯಿತು.

"ಅಂದ್ರೆ ಕೊನೇ ಸಾಲು ಮೈನಸ್ಸು?"

"ಹೌದು ಸರ್."

"ಹಂಗಾದ್ರೆ ಕೆಲಸಗಾರರ ಪಾಲು..." ಅಂತ ನಿಲ್ಲಿಸಿದರು. ನಾನು ಒಪ್ಪಂದದ ಪ್ರಕಾರ ಕೊನೇ ಸಾಲಿನಲ್ಲಿ ಲಾಭ ಇಲ್ಲದಿದ್ದರೆ ಪಾಲಿಲ್ಲ ಅಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಕೆಲಸ.

"ಓಹೋ," ಅಂದರು. ಅಷ್ಟೇ. ಅಲ್ಲಿಂದ ಮುಂದೆ ಡಿಫರ್ಡ್ ಟ್ಯಾಕ್ಸ್ ಅವರಿಗೆ ಚೆನ್ನಾಗಿ ಅರ್ಥವಾಯಿತು.

ಜನವರಿ 21, ಮಂಗಳವಾರ

ಆಡಿಟರಮ್ಮ ಬಂದಿದ್ದಾಳೆ. ಮನೆಯಿಂದ ಫ್ಲಾಸ್ಕ್ ತರುತ್ತಾಳೆ, ನಮ್ಮ ಟೀ ಮುಟ್ಟುವುದಿಲ್ಲ. ಟೀ ಕುಡಿದರೆ ಲೆಕ್ಕದಲ್ಲಿ ರಿಯಾಯಿತಿ ಕೊಡಬೇಕಾಗುತ್ತದೆ ಅನ್ನುವ ಹಾಗೆ.

ನಾನೊಂದು ದಾರಿ ಹುಡುಕಿದ್ದೆ. ಇನ್ನೂ ಹಿಂದಿನ ಒಂದಷ್ಟು ನಷ್ಟವನ್ನು ನಾವು ಆಸ್ತಿಯಾಗಿ ತೋರಿಸಿಯೇ ಇಲ್ಲ. ಅದನ್ನು ಈಗ ಸೇರಿಸಿಕೊಂಡರೆ ಕೊನೇ ಸಾಲು ಮತ್ತೆ ಲಾಭಕ್ಕೆ ಬರುತ್ತದೆ. ಕಾಗದಗಳನ್ನು ಜೋಡಿಸಿ ಅವಳ ಮುಂದಿಟ್ಟೆ. ಎರಡು ಹಾಳೆ ತಿರುಗಿಸಿ ಕೇಳಿದಳು, "ಅಷ್ಟು ನಷ್ಟ ತೀರಿಸೋಕೆ ಸಾಕಾಗೋಷ್ಟು ಲಾಭ ಮುಂದೆ ಬರುತ್ತೆ ಅಂತೀರಲ್ಲ ಮೇಡಂ, ಆಧಾರ?"

"ಈ ವರ್ಷ ಬಂದಿದೆಯಲ್ಲ."

"ನಾಲ್ಕು ವರ್ಷ ಬಂದಿರಲಿಲ್ಲವಲ್ಲ. ಒಂದು ಸಲ ಮಳೆ ಬಂತು ಅಂತ ಕೆರೆ ತುಂಬಿದೆ ಅಂತ ಬರೆದುಕೊಳ್ಳೋಕಾಗುತ್ತಾ? ಈಗಿರೋದನ್ನ ಹಾಗೇ ಬಿಟ್ಟಿರೋದೇ ಹೆಚ್ಚು."

ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಹೊಟ್ಟೆ ಉರಿಯಿತು. ಅವಳ ಕುರ್ಚಿಯಲ್ಲಿ ನಾನು ಕೂತಿದ್ದರೂ ಇದನ್ನೇ ಹೇಳುತ್ತಿದ್ದೆ, ಅದಕ್ಕೇ ಇನ್ನೂ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಇಲ್ಲಿ ಪೂಜಾರಿ ಹೇಳಿದ್ದೇ ಸರಿ, ಏನು ಮಾಡುವುದು.

ಜನವರಿ 24, ಶುಕ್ರವಾರ

ಇನ್ನು ಮುಚ್ಚಿಡುವಂತಿಲ್ಲ ಅಂತ ಊಟಕ್ಕೆ ಕೂತಾಗ ಹೇಳಿದೆ. ಅಕ್ಕ ಸೌಟು ಹಿಡಿದುಕೊಂಡು ನಿಂತೇಬಿಟ್ಟಳು.

"ಅಲ್ಲ ಕಣೇ, ಮೊನ್ನೆ ಲಾಭ ಅಂದೆ, ಇವತ್ತು ಇಲ್ಲ ಅಂತೀಯ. ಲಾಭ ಏನು ಬೆಕ್ಕಾ, ಬಾಗಿಲು ತೆಗೆದಿದ್ದಾಗ ಓಡಿಹೋಗೋಕೆ?"

ಮಹಾಶಯರು ಮಾತ್ರ ಕೂಗಾಡಲಿಲ್ಲ. "ನನಗೆ ಅರ್ಥ ಆಗೋ ಹಾಗೆ ಹೇಳಮ್ಮಾ ಲೆಕ್ಕದಮ್ಮ," ಅಂದರು. ಹೇಳಿದೆ. ನಿಮ್ಮ ಹತ್ತಿರ ನೂರು ಸಲ ಬಿಟ್ಟಿ ಓಡಾಡುವ ಬಸ್ ಪಾಸಿದೆ ಅಂದುಕೊಳ್ಳಿ. ಟಿಕೆಟ್ಟಿಗೆ ಮೂವತ್ತು ಇದ್ದಾಗ ಆ ಪಾಸಿನ ಬೆಲೆ ಮೂರು ಸಾವಿರ. ಟಿಕೆಟ್ಟು ಇಪ್ಪತ್ತೆರಡಕ್ಕೆ ಇಳಿದರೆ ಪಾಸಿನ ಬೆಲೆ ಎರಡು ಸಾವಿರದ ಇನ್ನೂರು. ಊರಿಗೆಲ್ಲಾ ಒಳ್ಳೆಯದೇ ಆಯಿತು, ನಿಮಗೂ ಮುಂದೆ ಒಳ್ಳೆಯದೇ. ಆದರೆ ಇವತ್ತು ನಿಮ್ಮ ಜೇಬಿನಲ್ಲಿರುವ ಪಾಸು ಎಂಟುನೂರು ಕಳೆದುಕೊಂಡಿತು.

ಮಾಲೀಕರಿಗೆ ಒಂದು ಬೆಳಿಗ್ಗೆ ಹಿಡಿದದ್ದು ಇವರಿಗೆ ಒಂದೇ ಸಲಕ್ಕೆ ಹಿಡಿಸಿತು. ಅನ್ನ ಕಲಸುತ್ತಾ ಕೇಳಿದರು. "ತೆರಿಗೆಗೆ ಮುಂಚಿನ ಲಾಭ, ಆ ಮೇಲಿನ ಸಾಲು ಕೇಳಿದ್ರೆ ಸಿಕ್ತಿತ್ತಾ?"

"ಸಿಕ್ತಿತ್ತು."

"ಮಾಲೀಕರು ಅವತ್ತು ಮೇಲಿನ ಸಾಲೇ ಕೊಡ್ತೀನಿ ಅಂದಿದ್ರು. ನಾನೇ ಬೇಡ ಅಂದೆ." ಹಿಂದೆ ಕೆಲಸ ಮಾಡಿದ ಕಾರ್ಖಾನೆಯಲ್ಲಿ ಮೇಲಿನ ಸಾಲಲ್ಲಿ ಲಾಭ ಕುಣಿಯುತ್ತಿತ್ತಂತೆ, ಕೆಳಗೆ ಬರುವಷ್ಟರಲ್ಲಿ ಯಜಮಾನನ ಭಾಮೈದನಿಗೆ ಬಾಡಿಗೆ, ಹೆಂಡತಿಗೆ ಕಮಿಷನ್ನು ಅಂತ ಎಲ್ಲಾ ಸೋರಿ ಹೋಗುತ್ತಿತ್ತಂತೆ. ಅದರಲ್ಲಿ ಕೈ ಸುಟ್ಟುಕೊಂಡ ಮನುಷ್ಯ, ಎಲ್ಲಾ ಕಳೆದು ಕೊನೆಗೆ ಉಳಿಯುವುದೇ ನಿಜ, ಅದರ ಕೆಳಗೆ ಯಾರೂ ಕೈಯಾಡಿಸಲಾರರು ಅಂತ ಕೊನೇ ಸಾಲನ್ನೇ ಹಟ ಹಿಡಿದು ಬರೆಸಿಕೊಂಡರು. ಬುದ್ಧಿವಂತಿಕೆಯೇ. ಆದರೆ ಬಾಡಿಗೆಯನ್ನು ಮೇಲಿನ ಸಾಲಿಗೂ ಮುಂಚೆಯೇ ಕಳೆಯುತ್ತಾರೆ, ಅದು ಯಾವ ಸಾಲು ಕೇಳಿದರೂ ಸೋರುತ್ತಿತ್ತು ಅಂತ ನಾಲಿಗೆ ತುದಿಗೆ ಬಂದಿತ್ತು. ಮುಖ ನೋಡಿ ಹೇಳಲಿಲ್ಲ.

ಅರ್ಧ ಊಟಕ್ಕೆ ಕೈ ತೊಳೆದರು. ಅಕ್ಕ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ಜನವರಿ 27, ಸೋಮವಾರ

ಮೂರು ದಿನದಿಂದ ಬೆಳಿಗ್ಗೆ ಬಚ್ಚಲು ಬೇಗ ಸಿಗುತ್ತಿದೆ. ಗುನುಗೂ ಇಲ್ಲ, ಗಿನುಗೂ ಇಲ್ಲ. ಇದಕ್ಕಾಗಿ ಮೂರು ವರ್ಷ ಹಂಬಲಿಸಿದ್ದೆ. ಆದರೂ ಆಫೀಸಿಗೆ ಎರಡು ದಿನ ತಡವಾಗಿಯೇ ಹೋದೆ, ಯಾಕೋ ಗೊತ್ತಿಲ್ಲ.

ಜನವರಿ 30, ಗುರುವಾರ

ಬೋನಸ್ ಪತ್ರ ಬಂತು. ನಮ್ಮ ಮೂವರು ಮ್ಯಾನೇಜರುಗಳಿಗೆ ಮಾಮೂಲಿನಂತೆ ತೆರಿಗೆಗೆ ಮುಂಚಿನ ಲಾಭದ ಮೇಲೆ. ಲೆಕ್ಕ ಸಹಿಯಾದ ಮೇಲೆ ಕೈಗೆ ಬರುತ್ತದೆ. ಎಡಗಡೆ ಹಲ್ಲಿಗೆ ಕ್ಯಾಪ್ ಹಾಕಿಸಬೇಕು, ವರ್ಷದಿಂದ ಮುಂದೂಡುತ್ತಿದ್ದೇನೆ.

ಟೀ ತರುವಾಕೆ ನನಗೆ ಮಾತ್ರ ತಣ್ಣಗಿನ ಟೀ ಕೊಡುತ್ತಿದ್ದಾಳೆ. ಕಾರ್ಖಾನೆಯ ಷೆಡ್ ದಾಟುವಾಗ ಮಾತೆಲ್ಲಾ ನಿಲ್ಲುತ್ತದೆ. ನಾನೇನು ತೆರಿಗೆ ಇಳಿಸಿದೆನೇ?

ಫೆಬ್ರವರಿ 3, ಸೋಮವಾರ

ಷೆಡ್ಡಿನಲ್ಲಿ ಏನೇನೋ ಸುದ್ದಿ. ಮಾಲೀಕರು ಎಂಬತ್ತು ಲಕ್ಷ ಜೇಬಿಗೆ ಹಾಕಿಕೊಂಡರಂತೆ, ನಾನು ಬರೆದು ಮುಚ್ಚಿದೆನಂತೆ, ಭಾವನಿಗೆ ಅದರಲ್ಲಿ ಪಾಲಂತೆ. ಭಾವ ಬಸ್ ಪಾಸಿನ ಕಥೆ ಹೇಳಿದರೆ "ನಿಮ್ಮ ನಾದಿನಿ ಹೇಳಿಕೊಟ್ಟಿದ್ದಲ್ವಾ" ಅಂತ ನಕ್ಕರಂತೆ. ನನ್ನನ್ನು ಏನಾದರೂ ಅನ್ನಲಿ, ನನ್ನ ಲೆಕ್ಕವನ್ನು ತಪ್ಪು ಅಂದರೆ ಸುಮ್ಮನಿರುವವಳಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಹೋಗಿ ನಿಂತೆ.

ಮೆಷಿನ್‌ಗಳು ನಿಂತಿದ್ದವು, ಎಲ್ಲರೂ ತಗಡಿನ ಕಟ್ಟುಗಳ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹೇಳಿದೆ. ಚೆನ್ನಾಗಿಯೇ ಹೇಳಿದೆ. ಗೆಜೆಟ್ ತೋರಿಸಿದೆ, ಒಂದು ಹಳೇ ರಟ್ಟಿನ ಮೇಲೆ ಎಲ್ಲಾ ಬರೆದು ತೋರಿಸಿದೆ. ಬೈಗುಳ ಬರುತ್ತದೆ ಅಂತ ಕಾಯುತ್ತಿದ್ದೆ, ಬರಲಿಲ್ಲ. ಮುಚ್ಚಳದ ಪ್ರೆಸ್ಸಿನ ಹೆಂಗಸು ಬುತ್ತಿಯ ಡಬ್ಬಿ ಮುಚ್ಚುತ್ತಾ ಕೇಳಿದಳು.

"ಸರಿ ಮೇಡಂ, ನಮ್ಮದು ಕೊನೇ ಸಾಲು. ನಿಮ್ಮದು ಯಾವ ಸಾಲು?"

"ನನ್ನದಾ?"

"ನಿಮಗೂ ಬೋನಸ್ ಇದೆಯಲ್ವಾ. ಅದು ಯಾವ ಸಾಲಿನ ಮೇಲೆ?"

ಭಾವ ಎದ್ದು, "ಏ, ಅದೆಲ್ಲಾ ಈಗ ಯಾಕೆ? ಅವರು ಬಂದಿದ್ದು ಲೆಕ್ಕ ಹೇಳೋಕೆ," ಅಂತ ತಡೆಯಲು ನೋಡಿದರು. ಅವರಿಗೆ ಗೊತ್ತಿತ್ತು. ಅಕ್ಕ ಹೇಳಿರಬೇಕು. ಎಂಟು ಹತ್ತು ದಿನದಿಂದ ಇಷ್ಟು ಬೈಸಿಕೊಂಡರೂ ಈ ಒಂದು ಮಾತನ್ನು ಅವರು ಹೊರಗೆ ಬಿಟ್ಟಿರಲಿಲ್ಲ.

"ಮೇಲಿನ ಸಾಲು," ಅಂದೆ.

ಗಲಾಟೆಯಾಗಿದ್ದರೆ ಚೆನ್ನಾಗಿತ್ತು. ಯಾರೋ ಹಿಂದಿನಿಂದ "ಮನೇಲಿ ಎರಡೂ ಸಾಲು ಇದೆ ಬಿಡ್ರೋ, ಒಂದಲ್ಲ ಒಂದು ಬೆಳೆ ಬರುತ್ತೆ" ಅಂದರು. ಅದಕ್ಕೆ ಎಲ್ಲರೂ ನಕ್ಕರು. ಅಲ್ಲೇ ಕೈ ಎತ್ತಿಸಿ ಭಾವನನ್ನು ಮುಖಂಡತ್ವದಿಂದ ಇಳಿಸಿದರು. ಹದಿನಾರು ವರ್ಷ ಇವರಿಗಾಗಿ ಮಾಲೀಕರ ಬಾಗಿಲು ಬಡಿದ ಮನುಷ್ಯ! ಭಾವ ನನ್ನನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಬಂದು ಬಿಟ್ಟರು. ಅದಕ್ಕೂ ಅವರ ಮೇಲೆ ರೇಗಿದೆ. ನನ್ನನ್ನು ಕಾಪಾಡಿ ಅಂತ ಯಾರು ಕೇಳಿದ್ದರು ಇವರನ್ನು?

ಫೆಬ್ರವರಿ 4, ಮಂಗಳವಾರ

ಲೆಕ್ಕ ಸರಿ ಇದೆ. ಮತ್ತೆ ನೋಡಿದೆ.

ಹಲ್ಲು ನೋಯುತ್ತಿದೆ.

ಫೆಬ್ರವರಿ 7, ಶುಕ್ರವಾರ

ಮಾಲೀಕರ ಹತ್ತಿರ ಹೋದೆ. "ಸರ್, ಒಂದೇ ಕಾರ್ಖಾನೆ, ಒಂದೇ ಲಾಭ. ನಮಗೊಂದು ಸಾಲು, ಅವರಿಗೊಂದು ಸಾಲು ಅಂದ್ರೆ ನೋಡೋಕೆ ಚೆನ್ನಾಗಿಲ್ಲ. ಎಲ್ಲರಿಗೂ ಒಂದೇ ಸಾಲು ಮಾಡಿಬಿಡಿ," ಅಂದೆ.

ಕಣ್ಣು ಮುಚ್ಚಿ ಯೋಚಿಸಿದರು. "ಒಳ್ಳೇ ಮಾತು ಕಣಮ್ಮಾ. ನೀವು ಹೇಳಿದ್ದು ನ್ಯಾಯ." ಇಷ್ಟು ಬೇಗ ಒಪ್ಪಿದರಲ್ಲ ಅಂತ ನನ್ನ ಮೇಲೆ ನನಗೇ ಹೆಮ್ಮೆಯಾಯಿತು. ಬೀಗುತ್ತಾ ಸೀಟಿಗೆ ಬಂದು ಕೂತೆ. ಒಂದು ಗಂಟೆಯಲ್ಲಿ ನೋಟಿಸ್ ಬಂತು: ಈ ವರ್ಷದಿಂದ ಮ್ಯಾನೇಜರುಗಳ ಬೋನಸ್ ಕೂಡ ಕೊನೇ ಸಾಲಿನ ಮೇಲೆ. ಹೀಗಾಗಿ ಈ ವರ್ಷ ಯಾರಿಗೂ ಇಲ್ಲ.

ಯಾವ ಸಾಲು ಅಂತ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ! ಹೇಳಬೇಕಾಗಿಯೇ ಇಲ್ಲ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಈ ಮನುಷ್ಯನ ಲೆಕ್ಕ ಬರೆದೂ ಈ ಮನುಷ್ಯನ ಲೆಕ್ಕಾಚಾರ ಗೊತ್ತಾಗಲಿಲ್ಲ ನನಗೆ. ಕೆಲಸಗಾರರಿಗೆ ಏನೂ ಬರಲಿಲ್ಲ, ನನ್ನದೂ ಹೋಯಿತು, ಇನ್ನಿಬ್ಬರದೂ ಹೋಯಿತು. ಪ್ರೊಡಕ್ಷನ್ ಮ್ಯಾನೇಜರಿಗೆ ಕಾರ್ಖಾನೆಯಲ್ಲಿ ಗುಡುಗಪ್ಪ ಅಂತ ಹೆಸರು. ಇವತ್ತು ಆ ಹೆಸರು ಯಾಕೆ ಬಂತು ಅಂತ ಸರಿಯಾಗಿ ತಿಳಿಯಿತು. "ನಿಮಗೆ ಬೇಡ ಅಂದ್ರೆ ಬಿಡ್ರೀ, ನಮ್ಮ ಅನ್ನಕ್ಕೆ ಯಾಕ್ರೀ ಮಣ್ಣು ಹಾಕಿದ್ರಿ?" ಅಂತ ನನ್ನ ಮೇಜು ಗುದ್ದಿದಾಗ ಸ್ಟೇಪ್ಲರ್ ಕೆಳಗೆ ಬಿತ್ತು. ಸೇಲ್ಸ್ ಮ್ಯಾನೇಜರ್ ಮಾತೇ ಬಿಟ್ಟಿದ್ದಾರೆ.

ಮನೆಯಲ್ಲಿ ಹೇಳಿದೆ. ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಭಾವ ಮಾತ್ರ ಮೊದಲು ಗಂಭೀರವಾಗಿ ಕೇಳಿ, ಆಮೇಲೆ ನಗು ತಡೆಯಲಾರದೆ ಕೆಮ್ಮುತ್ತಾ ನೀರು ಕುಡಿದರು. "ಇಷ್ಟು ದಿನ ಕೊನೇ ಸಾಲಲ್ಲಿ ನಾನೊಬ್ಬನೇ ಕೂತಿದ್ದೆ ಕಣಮ್ಮಾ, ನೀನೂ ಬಂದೆ, ಜೊತೆಗೆ ಗುಡುಗಪ್ಪನ್ನೂ ಕರೆದುಕೊಂಡು ಬಂದೆ," ಅಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಆದರೂ ನಕ್ಕುಬಿಟ್ಟೆ.

ಫೆಬ್ರವರಿ 12, ಬುಧವಾರ

ಜಗತ್ತು ಎಷ್ಟು ಬೇಗ ಬುದ್ಧಿ ಕಲಿಯುತ್ತದೆ! ಗುಡುಗಪ್ಪನವರು ಬಂದು, ಬಾಗಿಲು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲಾ ಮೇಡಂ, ಡಬ್ಬಿ ಮಾಡಿ ಮಾರಿ ನಾವು ಲಾಭ ತಂದಿದ್ದೀವಿ. ಸರ್ಕಾರ ಏನೋ ದರ ಬದಲಾಯಿಸ್ತು ಅಂತ ದುಡಿದವರ ಹೊಟ್ಟೆ ಮೇಲೆ ಹೊಡೆಯೋದು ಅನ್ಯಾಯ ಅಲ್ವೇನ್ರೀ?"

"ಹೋದ ವಾರದವರೆಗೂ ನ್ಯಾಯವಾಗಿತ್ತಲ್ಲ ಸರ್," ಅಂದೆ.

"ಆಗ ನಮಗೆ ಗೊತ್ತಿರಲಿಲ್ಲವಲ್ರೀ."

ಅವರ ಕಾಲಿಗೆ ಮುಳ್ಳು ಚುಚ್ಚಿದ ಮೇಲೆಯೇ ಅವರಿಗೆ ದಾರಿ ಕಂಡಿತು. ಇರಲಿ, ಕಂಡಿತಲ್ಲ. ಮೊನ್ನೆ ಬಂದ ದೊಡ್ಡ ಬಿಸ್ಕತ್ತು ಡಬ್ಬಿಯ ಆರ್ಡರನ್ನು ಈ ತಿಂಗಳೇ ಕಳಿಸಬೇಕು, ಓವರ್‌ಟೈಮ್ ಮಾಡದೆ ಆಗುವುದಿಲ್ಲ. ಗುಡುಗಪ್ಪ ನೇರ ಷೆಡ್ಡಿಗೆ ಹೋಗಿ ಕೆಲಸಗಾರರ ಜೊತೆ ಕೂತಿದ್ದಾರೆ. ಎಲ್ಲರಿಗೂ ಮೇಲಿನ ಸಾಲು ಸಿಗುವವರೆಗೆ ಓವರ್‌ಟೈಮಿಗೆ ಅವರೂ ಒಪ್ಪುವುದಿಲ್ಲ, ಇವರೂ ಹೇಳುವುದಿಲ್ಲ. ಮಾಲೀಕರ ಹತ್ತಿರ ಮಾತಾಡಲು ಯಾರನ್ನು ಕಳಿಸುವುದು ಅಂತ ಬಂದಾಗ ಹೊಸ ಮುಖಂಡ ಡಿಫರ್ಡ್ ಟ್ಯಾಕ್ಸ್ ಅನ್ನುವ ಹೆಸರು ಕೇಳಿಯೇ ಹಿಂದೆ ಸರಿದನಂತೆ. ಕೊನೆಗೆ ಮತ್ತೆ ಭಾವನ ಮನೆ ಬಾಗಿಲಿಗೇ ಬಂದರು, ಅಂದರೆ ನನ್ನ ಮನೆ ಬಾಗಿಲಿಗೆ. ಏಳು ಜನ. ಅಡುಗೆಮನೆಯ ನನ್ನ ಮೇಜನ್ನೂ ಹಾಲಿಗೆ ಎಳೆದುಕೊಂಡರು. ಮುಚ್ಚಳದ ಪ್ರೆಸ್ಸಿನಾಕೆ ನನ್ನ ಕುರ್ಚಿಯಲ್ಲಿ ಕೂತು, "ಮೇಡಂ, ಅವತ್ತು ತಪ್ಪು ತಿಳ್ಕೋಬೇಡಿ," ಅಂದಳು. ತಪ್ಪು ತಿಳಿದುಕೊಳ್ಳಲು ಏನಿತ್ತು? ಆಕೆ ಕೇಳಿದ್ದು ಸರಿಯಾಗಿಯೇ ಇತ್ತು.

ಫೆಬ್ರವರಿ 18, ಮಂಗಳವಾರ

ಇವತ್ತು ಹೊಸ ಒಪ್ಪಂದ. ಆರ್ಡರ್ ಕೈತಪ್ಪುತ್ತದೆ ಅಂದಾಗ ಮಾಲೀಕರು ಬಗ್ಗಿದರು. ಬಗ್ಗಿದರೂ ಪೂರ್ತಿ ಬಗ್ಗಲಿಲ್ಲ. ಕೆಲಸಗಾರರಿಗೂ ಮ್ಯಾನೇಜರುಗಳಿಗೂ ಮೇಲಿನ ಸಾಲೇ. ಆದರೆ ಕೆಲಸಗಾರರ ಪಾಲು ಆರನೇ ಒಂದರಿಂದ ಹತ್ತನೇ ಒಂದಕ್ಕೆ ಇಳಿಯಿತು, ಅದೂ ಎರಡು ಕಂತು. ಒಂದು ಕೋಟಿಯಲ್ಲಿ ಹತ್ತು ಲಕ್ಷ. ಸಿಗಬೇಕಿದ್ದದ್ದಕ್ಕಿಂತ ಕಡಿಮೆ. ಕೈಗೆ ಬಂದದ್ದು ಬರಲಿ ಅಂತ ಎಲ್ಲರೂ ಒಪ್ಪಿದರು. ನಮ್ಮ ಬೋನಸ್ಸನ್ನೂ ಅರ್ಧಕ್ಕೆ ಇಳಿಸಿದ್ದಾರೆ. ಗುಡುಗಪ್ಪ ಮೋಡದ ಹಾಗೆ ಕಪ್ಪಾಗಿ ಕೂತಿದ್ದರು.

ಭಾವ ಒಂದೊಂದು ಪದಕ್ಕೂ ನನ್ನನ್ನು ನಿಲ್ಲಿಸಿ ಕೇಳಿದರು. "ತೆರಿಗೆಗೆ ಮುಂಚೆ ಅಂದ್ರೆ ಬಡ್ಡಿ ಕಳೆದ ಮೇಲಾ? ಹಾಗಾದ್ರೆ ಬಾಡಿಗೆ?" ಆಗ ನಾನು ಪೆನ್ನು ತೆಗೆದುಕೊಂಡು ಒಂದು ವಾಕ್ಯ ಸೇರಿಸಿದೆ: ಮಾಲೀಕರ ಮನೆಯವರಿಗೆ ಕೊಡುವ ಬಾಡಿಗೆ, ಕಮಿಷನ್ನು, ಸಂಬಳ ಯಾವುದನ್ನೂ ಈ ಲೆಕ್ಕಕ್ಕೆ ಕಳೆಯುವಂತಿಲ್ಲ. ಹೇಗೂ ಈ ವರ್ಷ ಅಂಥದ್ದೇನೂ ಇಲ್ಲ. ಮುಂದೆ ಬರಬಾರದು ಅಂತ ಇಲ್ಲವಲ್ಲ.

ಮಾಲೀಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನಮ್ಮಾ, ಆ ಕಡೆ ಹೋಗಿ ಕೂತುಬಿಟ್ರಲ್ಲ?"

ನೋಡಿದರೆ ಹೌದು. ಮೇಜಿನ ಈ ಕಡೆ ಮಾಲೀಕರು, ಗುಡುಗಪ್ಪ, ಸೇಲ್ಸ್ ಮ್ಯಾನೇಜರು; ಆ ಕಡೆ ಭಾವ, ಮುಚ್ಚಳದ ಪ್ರೆಸ್ಸಿನಾಕೆ, ನಾನು. ಫ್ಯಾನ್ ಆ ಕಡೆ ಇತ್ತು, ಅದಕ್ಕೇ ಕೂತೆ. ಇಂಥದ್ದಕ್ಕೂ ಅರ್ಥ ಹಚ್ಚುತ್ತಾರೆ ಜನ.

ಫೆಬ್ರವರಿ 22, ಶನಿವಾರ

ಮೊದಲ ಕಂತು ಬಂತು. ಅಕ್ಕ ಇವತ್ತೇ ಮನೆ ಹುಡುಕಲು ಹೊರಟಳು. ಯಾಕಿಷ್ಟು ಅವಸರವೋ! ಜೊತೆಗೆ ನಾನೂ ಹೋದೆ. ಈ ಇಬ್ಬರನ್ನು ಬಿಟ್ಟರೆ ಯಾರಾದರೂ ಟೋಪಿ ಹಾಕುತ್ತಾರೆ.

ಮೊದಲನೇ ಮನೆ ನೋಡಿದೆವು. ಗೋಡೆ ಹಸಿ. ಬಾಡಿಗೆ ಕೇಳುವವನಿಗೆ ಅದನ್ನು ಮುಖದ ಮೇಲೇ ಹೇಳಿದೆ. ಎರಡನೆಯದರಲ್ಲಿ ಅಡುಗೆಮನೆ ಕತ್ತಲು, ಹಗಲಲ್ಲೇ ದೀಪ ಹಾಕಬೇಕು, ಅಕ್ಕನ ಕಣ್ಣು ಮೊದಲೇ ಮಂಜು. ಮೂರನೆಯದು ಮಾರ್ಕೆಟ್ಟಿನ ಹತ್ತಿರ ಇದೆ, ಗಾಳಿ ಬೆಳಕು ಇದೆ, ಬಚ್ಚಲು ದೊಡ್ಡದಾಗಿದೆ. ಆದರೆ ಬಸ್ ಸ್ಟಾಪ್ ದೂರ. ಭಾವನಿಗೆ ಬೆಳಗಿನ ಷಿಫ್ಟಿಗೆ ಕಷ್ಟ. ಬೇಡ ಅಂದೆ.

"ನಿನಗೆ ಯಾವುದು ಹಿಡಿಸುತ್ತೇ?" ಅಂತ ಅಕ್ಕ ನನ್ನನ್ನೇ ದಬಾಯಿಸಿದಳು. "ಇಷ್ಟೆಲ್ಲಾ ಒದ್ದಾಡಿದ್ದು ನಮ್ಮನ್ನ ಸಾಗಹಾಕೋಕೆ ತಾನೇ? ನನಗೆ ಗೊತ್ತಿಲ್ವಾ?"

"ಹೌದು, ಅದಕ್ಕೇ!" ಅಂದೆ. ಒಳ್ಳೆಯದು ಹೇಳಿದರೆ ಹೀಗೆ. ಭಾವ ನಡುವೆ ಬಂದು, "ಇನ್ನೂ ನಾಲ್ಕು ನೋಡೋಣ ಬಿಡೇ, ಮನೆ ಏನು ಓಡಿಹೋಗುತ್ತಾ," ಅಂದರು. ಮೂವರಲ್ಲಿ ಬುದ್ಧಿ ಇರುವುದು ಅವರೊಬ್ಬರಿಗೇ.

ಮಾರ್ಚ್ 2, ಭಾನುವಾರ

ಇವತ್ತು ಇನ್ನೆರಡು ಮನೆ ನೋಡುವುದು ಅಂತ ಮಾತಾಗಿತ್ತು. ಬೆಳಿಗ್ಗೆ ಬೇಗ ಎದ್ದು ತಲೆಗೆ ಸ್ನಾನ ಮಾಡಿ, ಗೋಡೆಯ ಹಸಿ ಒತ್ತಿ ನೋಡಲು ಒಂದು ಹಳೇ ಪೇಪರನ್ನೂ ಚೀಲಕ್ಕೆ ಹಾಕಿಕೊಂಡು ತಯಾರಾಗಿ ಕೂತೆ. ಹತ್ತು ಗಂಟೆಯಾದರೂ ಇಬ್ಬರೂ ಏಳುವ ಲಕ್ಷಣವಿಲ್ಲ. ಏನು ಅಂತ ಕೇಳಿದರೆ ಅಕ್ಕ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು. ಮಾರ್ಕೆಟ್ಟಿನ ಹತ್ತಿರದ ಆ ಮೂರನೇ ಮನೆಗೇ ನಿನ್ನೆ ಹೋಗಿ ಅಡ್ವಾನ್ಸ್ ಕೊಟ್ಟು ಬಂದರಂತೆ. ಮುಂದಿನ ಭಾನುವಾರ ಹೋಗುತ್ತಾರಂತೆ.

ಸರಿ, ಹೋಗಲಿ. ಅವರ ದುಡ್ಡು, ಅವರ ಮನೆ. ಬಸ್ ಸ್ಟಾಪ್ ದೂರ ಅಂತ ನಾನು ಬಾಯಿ ಬಡಿದುಕೊಂಡದ್ದೆಲ್ಲಾ ನೀರಿನಲ್ಲಿ ಹೋಮ. ಕೋಣೆ ನನಗೆ ಬರುತ್ತದೆ, ಮೇಜು ಒಳಗೆ ಹೋಗುತ್ತದೆ, ಎಲ್ಲಾ ನಾನು ಬಯಸಿದ ಹಾಗೇ ಆಯಿತು. ಭಾವ ನನ್ನ ಮುಖ ನೋಡಿ, "ಒಂದೇ ಬಸ್ಸು ಲೆಕ್ಕದಮ್ಮ, ಸ್ಟಾಪಿಂದ ನಾನೇ ಬಂದು ಕರೆದುಕೊಂಡು ಹೋಗ್ತೀನಿ, ಭಾನುವಾರ ಭಾನುವಾರ ಊಟಕ್ಕೆ ಬಾ," ಅಂದರು. ನನಗೇನು ಬೇರೆ ಕೆಲಸವಿಲ್ಲವೇ ಭಾನುವಾರ.

ಆದರೂ ಅಡ್ವಾನ್ಸ್ ಕೊಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು.